ಬೆಂಕಿ ಹಾಯ್ದ ವೈನು

ನಮ್ಮ ಮನೆಯಲ್ಲಿ ನನ್ನನ್ನು ಮಂಗ್ಯಾ ಎನ್ನುತ್ತಾರೆ. ಮುಖ ನೋಡಿ ಇಟ್ಟ ಹೆಸರಲ್ಲ ಎಂದು ನಾನು ನಂಬಿಕೊಂಡಿದ್ದೇನೆ. ಕನ್ನಡಿ ಒಮ್ಮೊಮ್ಮೆ ಬೇರೆಯೇ ಹೇಳುತ್ತದೆ. ಯಾರ ಮಾತು ಕಿವಿಗೆ ಬಿದ್ದರೂ ಸಂಜೆಯ ಹೊತ್ತಿಗೆ ಅದು ನನ್ನ ಬಾಯಿಂದ ಹೊರಗೆ ಬಂದಿರುತ್ತದೆ. ಇಚಲಕರಂಜಿಯ ನಮ್ಮ ಓಣಿಗೆ ಹಾಲು ಹಾಕುವ ಮಾವಶಿ, ಕೊಲ್ಹಾಪುರ ಬಸ್ಸಿನ ಮೂಗುಮಾತಿನ ಕಂಡಕ್ಟರ್, ಮಗ್ಗ ಕೆಟ್ಟರೆ ರಿಪೇರಿಗೆ ಬರುವ ಜಾಬರ್, ಇವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. ನಿನ್ನ ಸ್ವಂತ ಧ್ವನಿ ಯಾವುದಪ್ಪಾ ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಕೆಮ್ಮಿ ಹುಡುಕಬೇಕಾಗುತ್ತದೆ.

ಎಲ್ಲರಿಗಿಂತ ಸುಲಭ ಅಪ್ಪ. ಕಬನೂರಿನಲ್ಲಿ ನಮ್ಮದೊಂದು ವಿದ್ಯುತ್ ಮಗ್ಗದ ಶೆಡ್ಡಿದೆ. ಮಗ್ಗಗಳು ನಡೆಯುವಾಗ ಪಕ್ಕದಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕು. ಅಪ್ಪ ಅಲ್ಲಿ ಕೂಗಿ ಕೂಗಿ, ಮನೆಗೆ ಬಂದ ಮೇಲೂ ಧ್ವನಿ ಇಳಿಸುವುದನ್ನು ಮರೆತಿದ್ದ. ಅವನು ಊಟಕ್ಕೆ ಕುಳಿತು ಉಪ್ಪು ಕೇಳಿದರೆ ಓಣಿಯ ತುದಿಯ ಮನೆಯವರು ಡಬ್ಬಿ ಹುಡುಕಬೇಕು. ಪ್ರೀತಿ, ಸಿಟ್ಟು, ಬೆಳಗಿನ ವಚನ, ಎಲ್ಲಕ್ಕೂ ಒಂದೇ ಗಾತ್ರ. ಎದೆ ಉಬ್ಬಿಸಿ, ಕೊನೆಯ ಅಕ್ಷರವನ್ನು ಹಲ್ಲಿಗೆ ಅಪ್ಪಳಿಸಿ ಬಿಟ್ಟರೆ ಅಪ್ಪ ತಯಾರು.

ಈ ಅಪ್ಪನನ್ನು ನಾನು ರವಿವಾರಕ್ಕೊಮ್ಮೆ ಮಾಡುತ್ತಿದ್ದೆ. ಟೆರೇಸಿನ ಮೇಲೆ ನೀರಿನ ಟಾಕಿಯ ಹಿಂದೆ ನಿಂತು, ಫೋನಿನಲ್ಲಿ, ಅಕ್ಕನಿಗಾಗಿ.

ಅಕ್ಕ ನಾಶಿಕದಲ್ಲಿದ್ದಾಳೆ. ಕೊಲ್ಹಾಪುರದ ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನನ್ನು ಮನೆಯಲ್ಲಿ ಕೇಳದೆ ಮದುವೆಯಾದಳು. ಹುಡುಗ ಮರಾಠಿಯವನು, ದ್ರಾಕ್ಷಿ ತೋಟದ ಮನೆಯವನು, ಕೆಲಸ ವೈನಿನ ಕಾರ್ಖಾನೆಯಲ್ಲಿ. ನಮ್ಮದು ಕೊರಳಲ್ಲಿ ಲಿಂಗ, ಅಡುಗೆಮನೆಯಲ್ಲಿ ಮಡಿ ಇರುವ ಮನೆ. "ದಾರೂ ಮಾಡೋ ಮನಿಗೆ ಹೋದಳು" ಎಂದು ಅಪ್ಪ ಅಂದ. ಅವನು ಅಂದದ್ದರಿಂದ ಓಣಿಗೆಲ್ಲ ತಿಳಿಯಿತು.

ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ನಾಗರಪಂಚಮಿಗೆ ತವರಿಗೆ ಬರಬೇಕು. ಆದರೆ ತಾನಾಗಿ ಬರುವಂತಿಲ್ಲ. ತವರಿನಿಂದ ಒಬ್ಬರು ಹೋಗಿ, ಬೀಗರ ಪಡಸಾಲೆಯಲ್ಲಿ ಕುಳಿತು, ಚಹಾ ಕುಡಿದು, ಬಾಯಿಬಿಟ್ಟು ಕೇಳಿ ಕರೆದುಕೊಂಡು ಬರಬೇಕು. ಹೆಚ್ಚಾಗಿ ಅದು ತಮ್ಮನ ಕೆಲಸ. ನಾನು ಚೀಲ ಹಿಡಿದು ತಯಾರಿದ್ದೆ.

"ಅಪ್ಪ ಕಳಿಸಿದ್ರ ಬಾ," ಅಂದಳು ಅಕ್ಕ. "ನಿನ್ನಷ್ಟಕ್ಕ ನೀನ ಬಂದ್ರ ಚಾ ಕುಡ್ಸಿ ವಾಪಸ್ ಕಳಸ್ತೀನಿ."

ಅಪ್ಪನನ್ನು ಕೇಳಿದರೆ, "ಹೋಗುವಾಗ ಕೇಳಿ ಹೋದಳೇನು? ಬರಾಕ ನಾ ಯಾಕ ಕರೀಬೇಕು?"

ಹೀಗೆ ಎರಡು ಪಂಚಮಿಗಳು ಹೋದವು. ಎರಡು ಸಲವೂ ಅವ್ವ ಶೇಂಗಾ ಉಂಡಿ ಕಟ್ಟಿ ಒಂದು ಡಬ್ಬಿ ಬೇರೆ ಎತ್ತಿಟ್ಟಳು. ಶ್ರಾವಣ ಮುಗಿದ ಮೇಲೆ ಅದನ್ನು ಶೆಡ್ಡಿನವರಿಗೆ ಹಂಚಿದಳು.

ಫೋನು ಎತ್ತಿದೊಡನೆ ಅಕ್ಕನ ಮೊದಲ ಮಾತು ಒಂದೇ. "ಮೊದಲ ಅಪ್ಪನ್ನ ಮಾಡು."

"ಯಾವ ಅಪ್ಪ ಬೇಕ್ರಿ ಬಾಯಾರ? ಲೈಟ್ ಹೋದಾಗಿನ ಅಪ್ಪ ಅದಾನ, ನೂಲಿನ ವ್ಯಾಪಾರಿ ಬಂದಾಗಿನ ಅಪ್ಪ ಅದಾನ, ಬನಿಯನ್ ಸಿಗದಾಗಿನ ಅಪ್ಪ ಅದಾನ."

"ಬನಿಯನ್ ಅಪ್ಪ."

ನಾನು ಬನಿಯನ್ ಅಪ್ಪನನ್ನು ಮಾಡುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು, ಆಮೇಲೆ ಸುಮ್ಮನಾಗುತ್ತಿದ್ದಳು, ಆಮೇಲೆ ಮೂಗು ಎಳೆದುಕೊಳ್ಳುವ ಸದ್ದು. "ಇನ್ನೊಮ್ಮಿ" ಎನ್ನುತ್ತಿದ್ದಳು. ಒಂದು ದಿನ ನನ್ನ ನಾಲಿಗೆ ಹದ ತಪ್ಪಿ, ಅಪ್ಪನ ಧ್ವನಿಯಲ್ಲೇ, "ಪಂಚಮಿಗೆ ಬಾ ಮಗಳ" ಎಂದುಬಿಟ್ಟಿತು. ಆ ಕಡೆಯಿಂದ ನಗು ಬರಲಿಲ್ಲ.

"ಲೇ, ಅದೊಂದ ಮಾಡಬ್ಯಾಡ," ಅಂದಳು. "ಬೈಯೋದು ಮಾಡು, ಕೆಮ್ಮೋದು ಮಾಡು, ಗೊರಕಿ ಹೊಡ್ಯೋದು ಮಾಡು. ಕರಿಯೋದು ಮಾಡಬ್ಯಾಡ."

ನಾನು ಮತ್ತೆ ಮಾಡಲಿಲ್ಲ. ನನ್ನಂಥವನಿಗೂ ಒಂದೆರಡು ಮಾತು ಅರ್ಥವಾಗುತ್ತವೆ.

ಈ ಬೇಸಿಗೆಯಲ್ಲಿ ಅಪ್ಪನ ಹಲ್ಲುಗಳನ್ನೆಲ್ಲ ತೆಗೆಸಬೇಕಾಯಿತು. ಒಸಡು ಪೂರ್ತಿ ಆರಿದ ಮೇಲೆಯೇ ಹೊಸ ಸೆಟ್ಟು, ಅಲ್ಲಿಯವರೆಗೆ ಮೆತ್ತಗಿನದು, ತಣ್ಣಗಿನದು ತಿನ್ನಿ ಎಂದರು ಡಾಕ್ಟರು. ಅಪ್ಪ ಅಂದಿನಿಂದ ಬಾಯಿಗೆ ಟವೆಲ್ಲು ಮುಚ್ಚಿಕೊಂಡು ಪಡಸಾಲೆಯ ಕುರ್ಚಿ ಸೇರಿದ. ಶೆಡ್ಡಿಗೆ ಹೋಗುವುದನ್ನು ಬಿಟ್ಟ. ಯಾರಾದರೂ ನೋಡಲು ಬಂದರೆ ಒಳಗಿನ ಕೋಣೆಗೆ ಎದ್ದು ಹೋಗಿ ಮಲಗಿದವನಂತೆ ಮಾಡುತ್ತಿದ್ದ. ಅವನ ಮಾತು ಟವೆಲ್ಲಿನ ಹಿಂದಿನಿಂದ, ಅರ್ಧ ಗಾಳಿ ಅರ್ಧ ಅಕ್ಷರವಾಗಿ ಬರುತ್ತಿತ್ತು. ನಾನು ಹುಟ್ಟಿದಾಗಿನಿಂದ ಮೊದಲ ಸಲ ನಮ್ಮ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸಿತು.

ಈ ಹೊಸ ಧ್ವನಿಯನ್ನೂ ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಒಮ್ಮೆ ಮಾಡಿ ನೋಡಿದೆ. ಬಹಳ ಚೆನ್ನಾಗಿ ಬಂತು. ಮತ್ತೆ ಮಾಡುವ ಮನಸ್ಸಾಗಲಿಲ್ಲ. ಅಕ್ಕನಿಗೆ ಹಲ್ಲಿನ ವಿಷಯ ಹೇಳಿದೆ. ಧ್ವನಿಯ ವಿಷಯ ಹೇಳಲಿಲ್ಲ. ರವಿವಾರಗಳಲ್ಲಿ ಹಲ್ಲಿದ್ದ ಅಪ್ಪನನ್ನೇ ಬಡಿಸುತ್ತ ಬಂದೆ.

ಆ ದಿನಗಳಲ್ಲೇ ಅಕ್ಕ ಗಂಡನ ಕೆಲಸದ ನೆವದಲ್ಲಿ ಕೊಲ್ಹಾಪುರಕ್ಕೆ ಬಂದಳು. ನನ್ನನ್ನು ರಂಕಾಳಾ ಕೆರೆಯ ಕಟ್ಟೆಗೆ ಕರೆಸಿದಳು. ತುಸು ದಪ್ಪಗಾಗಿದ್ದಳು. ಬೇರೆ ಯಾರಾದರೂ ಆಗಿದ್ದರೆ ಅದರ ಮೇಲೆ ಒಂದು ಗಂಟೆ ಭಾಷಣ ಮಾಡುತ್ತಿದ್ದೆ.

"ಇಲ್ಲಿಂದ ನಮ್ಮನಿಗೆ ಎಷ್ಟ ಹಾದಿಲೇ?" ಎಂದಳು, ಗೊತ್ತಿಲ್ಲದವಳಂತೆ.

"ತಾಸಿನ ಹಾದಿ. ನಡಿ, ಬಸ್ ಐತಿ."

"ಕರಿಯಾಕ ಯಾರ ಬಂದಾರ?" ಎಂದು ನೀರಿನ ಕಡೆ ನೋಡಿದಳು. ಆಮೇಲೆ, "ಅಪ್ಪ ಏನ ತಿಂತಾನ?"

"ಗಂಜಿ. ಮುಖ ಮಾತ್ರ ಔಷಧ ಕುಡದಂಗ ಮಾಡಿರ್ತಾನ."

ಅವಳು ಚೀಲದಿಂದ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕೆಂಪು ವೈನು. ನಾನು ಅತ್ತಿತ್ತ ನೋಡಿದೆ. ನಮ್ಮ ನೆಂಟರೆಲ್ಲ ಆ ಹೊತ್ತಿಗೆ ಸರಿಯಾಗಿ ರಂಕಾಳಾದಲ್ಲೇ ಗಾಳಿ ಸೇವಿಸುತ್ತಿರುತ್ತಾರೆ ಎಂದು ನನಗೆ ಖಾತ್ರಿಯಿತ್ತು.

"ಕವಳಿಹಣ್ಣು ಹಿಂಡಿ ರಸ ತಗಿ," ಎಂದಳು. "ಸಕ್ಕರಿ ಪಾಕ ಕೂಡ್ಸು. ಕಡೀಕ ಇದನ್ನ ಅರ್ಧ ಲೋಟ ಹಾಕಿ ಫ್ರಿಜ್ಜಿನ ಮ್ಯಾಲಿನ ಖಾನ್ಯಾಗ ಇಡು. ಸಾರ್ಬೆ ಅಂತಾರ ಇದಕ್ಕ. ಇದ ಒಳಗಿದ್ರ ಬರ್ಫ ಗಟ್ಟಿ ಆಗಂಗಿಲ್ಲ, ಬೆಣ್ಣಿಯಂಗ ಮೆತ್ತಗ ಕೂಡ್ತೈತಿ. ಹಲ್ಲಿಲ್ಲದವ್ರಿಗೆ ಬರೋಬರಿ."

"ಅಪ್ಪಗ ವೈನ್? ಹಲ್ಲ ಹೋದ್ರೂ ಕೈ ಗಟ್ಟಿ ಅದಾವ ಅವನವು."

"ಅಳಿಯ ತನ್ನ ಕೈಯಾರೆ ಮಾಡಿದ್ದು. ಹೇಳಿ ಕೊಡು, ಕದ್ದು ಕೊಡಬ್ಯಾಡ. ತಿಂದ್ರ ತಿಂದ, ಬಿಟ್ರ ಬಿಟ್ಟ. ಅವನ ಮನಸಿನ್ಯಾಗ ಏನೈತಿ ಅಂತ ನನಗೂ ಗೊತ್ತಾಗಿ ಹೋಗ್ಲಿ."

ಆ ಬಾಟಲಿಯನ್ನು ಬಸ್ಸಿನಲ್ಲಿ ಕೂಸಿನಂತೆ ಎದೆಗೊತ್ತಿಕೊಂಡು ತಂದೆ. ರಸ್ತೆಯ ಪ್ರತಿ ಉಬ್ಬಿಗೂ ಅದು ಗುಳುಗುಳು ಎನ್ನುತ್ತಿತ್ತು. ಪಕ್ಕದ ಅಜ್ಜಿಗೆ ಕೇಳಿಸದಿರಲೆಂದು ನಾನೂ ಜೊತೆಗೆ ಕೆಮ್ಮುತ್ತಿದ್ದೆ. ಇಚಲಕರಂಜಿ ಮುಟ್ಟುವಷ್ಟರಲ್ಲಿ ಅಜ್ಜಿ ನನಗೆ ಕೆಮ್ಮಿಗೆಂದು ಜ್ಯೇಷ್ಠಮಧು ಕೊಟ್ಟಿದ್ದಳು.

ಹಣ್ಣಿಗೆ ಗಡಹಿಂಗ್ಲಜದ ಮಾವನ ಮನೆಗೆ ಹೋದೆ. ಮಾವ ಅವ್ವನ ತಮ್ಮ. ಆಜರಾದ ಗುಡ್ಡಗಳಿಂದ ಬರುವ ಹೆಂಗಸರ ಹತ್ತಿರ ಬುಟ್ಟಿ ತುಂಬ ಕವಳಿಹಣ್ಣು ಕೊಂಡುಕೊಟ್ಟ. ಕಪ್ಪಗೆ ಮಾಗಿ, ಮುಟ್ಟಿದರೆ ಬೆರಳಿಗೆ ಅಂಟುವ ಸಣ್ಣ ಹಣ್ಣು. ಯಾಕೆ ಬೇಕು ಎಂದು ಕೇಳಿದ, ಎಲ್ಲ ಹೇಳಿದೆ.

"ನಿಮ್ಮಪ್ಪಗ ಪದ್ಧತಿ ಗೊತ್ತಿಲ್ಲೇನೋ ಅಳ್ಯಾ?" ಎಂದ ಮಾವ. "ವರ್ಷಾ ಪಂಚಮಿಗೆ ನಮ್ಮಕ್ಕನ್ನ ಕರಿಯಾಕ ನಾ ಬರ್ತೀನಿ. ಚಾ ಕುಡಸ್ತಾನ, ಕಳಸ್ತಾನ. ಒಮ್ಮೆರ ಕಳಸಂಗಿಲ್ಲ ಅಂದಾನೇನು? ಮಂದಿ ಮಗಳನ್ನ ಕಳಸಾಕ ಬರತೈತಿ, ತನ್ನ ಮಗಳನ್ನ ಕರಿಯಾಕ ಬರಂಗಿಲ್ಲ."

ಇದನ್ನು ಮಾವನ ಧ್ವನಿಯಲ್ಲೇ ಅಪ್ಪನ ಮುಂದೆ ಮಾಡಿ ತೋರಿಸಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಮನೆಯ ಹೊಸ್ತಿಲಲ್ಲಿ ಧೈರ್ಯ ಕೈಕೊಟ್ಟಿತು.

ಅವ್ವ ಬಾಟಲಿಯನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದಳು. ಅವಳದೊಂದು ನಿಯಮವಿದೆ. ಹೊರಗಿನಿಂದ ಬಂದದ್ದು ಯಾವುದೇ ಇರಲಿ, ಒಮ್ಮೆ ಬೆಂಕಿ ಹಾಯಬೇಕು. ಬೆಂಕಿಗೆ ಮೈಲಿಗೆ ಇಲ್ಲ. ಪೇಟೆಯ ಪೇಢೆಯನ್ನು ಕೂಡ ಹೆಂಚಿನ ಮೇಲೆ ಒಂದು ಕ್ಷಣ ಕೂರಿಸಿ ಎತ್ತುತ್ತಾಳೆ. ಯಾರೋ ಕೊಟ್ಟ ಐಸ್‌ಕ್ರೀಮನ್ನು ಅವಳು ಒಲೆಯ ಹತ್ತಿರ ಒಯ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಅಳಿಯನ ಕೈಯಾಂದು ಅಂತಿ, ಬ್ಯಾಡ ಅನ್ನಂಗಿಲ್ಲ," ಎಂದಳು. "ಆದ್ರ ಬೆಂಕಿ ಹಾಯದ ಒಳಗ ಬರಂಗಿಲ್ಲ."

"ಬೇ, ಅಕ್ಕ ಹಸಿದನ್ನ ಹಾಕಂದಾಳ."

"ಅಕಿ ಮಡಿ ಮರ್ತಾಳ. ನಾ ಮರ್ತಿಲ್ಲ."

ಅಂಗಳದ ಒಲೆಯ ಮೇಲೆ ಹಳೆಯ ಪಾತ್ರೆಯಿಟ್ಟು ಇಡೀ ಬಾಟಲಿಯನ್ನು ಸುರಿದಳು. ಅದು ಕುದಿಯತೊಡಗಿದಾಗ ಓಣಿಯಲ್ಲಿ ಬೆಲ್ಲದ ಗಾಣ ಹೂಡಿದಂಥ ವಾಸನೆ ಎದ್ದಿತು. ಪಕ್ಕದ ಮನೆಯ ಕಾಕೂ ಗೋಡೆಯ ಮೇಲಿಂದ ಇಣುಕಿದಳು.

"ಅಹೋ, ಕಾಯ ಶಿಜತಂಯ? ಗೋಡ ವಾಸ ಯೇತೋಯ!" ಏನು ಬೇಯುತ್ತಿದೆ, ಸಿಹಿ ವಾಸನೆ ಬರುತ್ತಿದೆಯಲ್ಲ ಎಂದು ಕೇಳಿದಳು.

"ಕಾಢಾ ಆಹೆ," ಎಂದಳು ಅವ್ವ ಕಣ್ಣು ಮಿಟುಕಿಸದೆ. "ಹ್ಯಾಂಚ್ಯಾ ದಾತಾಸಾಠೀ." ಅಪ್ಪನ ಹಲ್ಲಿಗೆ ಕಷಾಯವಂತೆ. ನನಗೆ ಮಾತ್ರ ಚಿಕ್ಕಂದಿನಿಂದ ಸುಳ್ಳು ಹೇಳಬಾರದೆಂದು ಕಲಿಸಿದ ಬಾಯಿ ಅದು.

ಅರ್ಧಕ್ಕಿಳಿದ ಮೇಲೆ ಆರಿಸಿ ಒಳಗೆ ತಂದಳು. ನಾನು ಕವಳಿಹಣ್ಣು ಕಿವುಚಿ, ಬೀಜ ಸೋಸಿ, ಪಾಕ ಬೆರೆಸಿದೆ. ಮೇಲೆ ವೈನು ಹಾಕಿದಾಗ ರಸ ನೇರಳೆ ಬಣ್ಣಕ್ಕೆ ತಿರುಗಿತು. ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಮೇಲಿನ ಖಾನೆಯಲ್ಲಿಟ್ಟು ಬೆಳಗಿನವರೆಗೆ ಬಾಗಿಲು ತೆಗೆಯಲಿಲ್ಲ.

ಮರುದಿನ ಮಧ್ಯಾಹ್ನ ಡಬ್ಬಿಯನ್ನು ಅಪ್ಪನ ಮುಂದಿಟ್ಟೆ. ಅಕ್ಕ ಹೇಳಿದಂತೆ ಏನನ್ನೂ ಮುಚ್ಚಿಡಲಿಲ್ಲ.

"ಅಪ್ಪಾ, ಇದು ಅಕ್ಕ ಹೇಳಿಕೊಟ್ಟಿದ್ದು. ಇದ್ರಾಗ ಅವರ ಮನಿಯವರು ಮಾಡಿದ ವೈನ್ ಐತಿ. ಅವ್ವ ಕುದಿಸ್ಯಾಳ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಡಬ್ಬಿಯನ್ನು ನೋಡಿದ. ನೂಲು ಕೊಳ್ಳುವಾಗ ಲಡಿಯನ್ನು ನೋಡುವ ಹಾಗೆ, ತಿರುಗಿಸಿ ತಿರುಗಿಸಿ ನೋಡಿದ. ಅವನು ಮೆಲ್ಲಗೆ ಟವೆಲ್ಲು ಕೆಳಗಿಳಿಸಿ ಚಮಚ ತೆಗೆದುಕೊಂಡ.

ಟಣ್ ಎಂದಿತು. ಇನ್ನೊಮ್ಮೆ ಒತ್ತಿದ. ಚಮಚ ಬಾಗಿತು, ಸಾರ್ಬೆಗೆ ಗೆರೆ ಕೂಡ ಬೀಳಲಿಲ್ಲ. ಅಕ್ಕ ಬೆಣ್ಣೆ ಎಂದಿದ್ದಳು. ಇದನ್ನು ಮಗ್ಗದ ಕೆಳಗೆ ಹಾಸಬಹುದಿತ್ತು.

"ಕಲ್ಲು," ಎಂದ ಅಪ್ಪ. ಡಬ್ಬಿ ಸರಿಸಿದ. ಕೈ ಟವೆಲ್ಲಿನ ಕಡೆ ಹೋಗುತ್ತಿತ್ತು.

ಇನ್ನೊಂದು ಗಳಿಗೆ ಬಿಟ್ಟರೆ ಎದ್ದು ಹೋಗುತ್ತಾನೆಂದು ಹೆದರಿ ಅಕ್ಕನಿಗೆ ಫೋನು ಹಚ್ಚಿದೆ. ಕೈಯೆಲ್ಲ ಅಂಟಾಗಿದ್ದರಿಂದ ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟೆ.

"ಅಕ್ಕಾ, ಅವ್ವ ವೈನ್ ಎಲ್ಲಾ ಕುದಿಸಿಬಿಟ್ಟಾಳ, ಅದು ಕಲ್ಲಾಗೇತಿ…"

"ಕುದಿಸಿದ್ರ ಅದ್ರಾಗಿನ ಅಮಲು ಹಾರಿ ಹೋಗತೈತಲೇ, ಕಲ್ಲಾಗದ ಏನಾಗತೈತಿ! ಅದಿರ್ಲಿ, ಮೊದಲ ಅಪ್ಪನ್ನ ಮಾಡು. ವಾರ ಆತು ಕೇಳಿ."

ಅಪ್ಪ ನನ್ನನ್ನು ನೋಡಿದ.

"ಯಾಕಲೇ ಮಂಗ್ಯಾ, ಗಪ್ಪಾದಿ? ಬನಿಯನ್ ಅಪ್ಪ ಸಾಕಾಗಿದ್ರ ಶೆಡ್ಡಿನ ಅಪ್ಪ ಮಾಡು. ಏನರ ಮಾಡು. ಒಮ್ಮಿ ಕೇಳಿಸಿಬಿಡು."

ನಾನು ಫೋನಿನ ಕಡೆ ಕೈ ಚಾಚಿದೆ. ಅಪ್ಪ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟು ತಾನೇ ಬಾಗಿದ.

"ಏನ ಬೇಕವಾ ನಿನಗ?"

ಅಕ್ಕ ನಕ್ಕಳು. "ಥೂ, ಇದೇನ ಮಾಡಾಕತ್ತಿ? ಅಪ್ಪ ಎಲ್ಲಿ ಹಿಂಗ ಮಾತಾಡ್ತಾನ? ಇದ್ಯಾವನೋ ಮುದುಕ. ನಿನಗ ಇವತ್ತ ಅಪ್ಪ ಬರವಲ್ಲ."

ಅಪ್ಪನ ತುಟಿಗಳು ಒಳಗೆ ಹೋಗಿ ಹೊರಗೆ ಬಂದವು. ಫೋನಿಗೆ ಇನ್ನಷ್ಟು ಹತ್ತಿರವಾದ.

"ಪಂಚಮಿಗೆ," ಎಂದ. "ಬಾ."

ಆ ಕಡೆಯಿಂದ ಬಂದದ್ದು ನಾನು ಎಂದೂ ಕೇಳದ ಅಕ್ಕನ ಧ್ವನಿ.

"ಅದೊಂದ ಮಾಡಬ್ಯಾಡ ಅಂದಿದ್ನಿಲ್ಲೋ? ಎಲ್ಲಾ ಚೇಷ್ಟಿನ ನಿನಗ. ಇಲ್ಲಿ ನನಗ ಹೆಂಗಾಗತೈತಿ ಅಂತ ಗೊತ್ತೇನು? ಇನ್ನ ಮ್ಯಾಲ ನನಗ ಫೋನ್ ಹಚ್ಚಬ್ಯಾಡ."

ಕಟ್ಟಾಯಿತು.

"ಅಯ್ಯ, ಇದು ನಾನ ಅಂತ ಹೇಳಬಾರದೇನ್ರಿ!" ಎಂದು ಅವ್ವ ಬಾಗಿಲಿನಿಂದ ಓಡಿ ಬಂದಳು. ನಾನು ಮತ್ತೆ ಹಚ್ಚಿದೆ, ಅಕ್ಕ ಕತ್ತರಿಸಿದಳು. ಮತ್ತೆ ಹಚ್ಚಿದೆ, ಮತ್ತೆ ಕತ್ತರಿಸಿದಳು.

"ಮುಖ ಕಾಣೋ ಫೋನ್ ಹಚ್ಚು," ಎಂದ ಅಪ್ಪ.

ವಿಡಿಯೋ ಒತ್ತಿ ಅವನ ಕೈಗೆ ಕೊಟ್ಟೆ. ಪರದೆಯ ಮೇಲೆ ಮೊದಲು ಅವನ ಮುಖವೇ ಮೂಡಿತು. ಹಲ್ಲು ತೆಗೆಸಿದ ಮೇಲೆ ಅವನು ಕನ್ನಡಿ ನೋಡಿರಲಿಲ್ಲ. ಕೈ ತಾನಾಗಿ ಟವೆಲ್ಲಿಗೆ ಹೋಯಿತು; ಹಿಡಿದು, ಮಡಚಿ, ತೊಡೆಯ ಮೇಲಿಟ್ಟುಕೊಂಡ. ಹಾಗೆಯೇ ಕುಳಿತ. ಫೋನು ಬಡಿದು ಬಡಿದು ನಿಂತಿತು.

"ನನ್ನ ಧ್ವನಿ ಹಿಂಗಾಗೇತೇನು?" ಎಂದು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ.

"ಮದಲ ಹೆಂಗಿತ್ತು? ಮಾಡು."

ಅಪ್ಪನನ್ನು ನಾನು ಯಾರ ಮುಂದೆ ಮಾಡಿಲ್ಲ? ಅವನೊಬ್ಬನನ್ನು ಬಿಟ್ಟು ಎಲ್ಲರ ಮುಂದೆ ಮಾಡಿದ್ದೇನೆ. ಎದೆ ಉಬ್ಬಿಸ ಹೋದರೆ ಉಬ್ಬಲಿಲ್ಲ. ಎರಡನೆಯ ಸಲ ಬಂತು. "ಏ, ನನ್ನ ಬನಿಯನ್ ಎಲ್ಲಿ ಒಗದೀರಿ? ಈ ಮನ್ಯಾಗ ಒಂದ ಸಾಮಾನಾ ಇಟ್ಟಲ್ಲೆ ಇರತೈತೇನು?" ಕಿಟಕಿಯ ಗಾಜು ಝಣಗುಟ್ಟಿತು. ಅವ್ವ ಸೆರಗು ಬಾಯಿಗೊತ್ತಿಕೊಂಡಳು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಅಪ್ಪ ತಲೆಯೋರೆ ಮಾಡಿ ಕೇಳುತ್ತಿದ್ದ. ಕೆಟ್ಟ ಮಗ್ಗದ ಸದ್ದನ್ನು ಅವನು ಹಾಗೆಯೇ ಕೇಳುತ್ತಾನೆ.

"ಇಷ್ಟ ಜೋರ್ ಇದ್ನೇನು?"

"ಇದಕ್ಕಿಂತಾ ಜೋರ. ನನಗ ಅಷ್ಟ ಗಂಟಲಿಲ್ಲ."

"ಇದನ್ನ ಕೇಳಸ್ಕೋತಾಳ ಅಕಿ?"

"ಪ್ರತಿ ವಾರಾ."

ಅವನು ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಅಂಚಿನಲ್ಲಿ ಸ್ವಲ್ಪ ಕರಗಿ ಕೆಂಪು ನೀರಾಗಿತ್ತು. ಬಾಗಿದ ಚಮಚದಿಂದ ಅದನ್ನು ಎತ್ತಿ ಬಾಯಿಗಿಟ್ಟು ಒಸಡಿನ ಮೇಲೆ ಆ ಕಡೆ ಈ ಕಡೆ ಆಡಿಸಿದ. ಮತ್ತೊಂದು ಚಮಚ. ಕರಗಿದಷ್ಟು ತಿನ್ನುವುದು, ಇನ್ನಷ್ಟು ಕರಗುವವರೆಗೆ ಕಾಯುವುದು. ಮಧ್ಯಾಹ್ನವೆಲ್ಲ ಹಾಗೆಯೇ ಕುಳಿತು ಡಬ್ಬಿ ಖಾಲಿ ಮಾಡಿದ.

"ಸಕ್ಕರಿ ಕಡಿಮಿ ಆಗೇತಿ," ಎಂದ. ಆಮೇಲೆ, "ನಾಳೆ ನಾಶಿಕಕ್ಕ ಗಾಡಿ ಎಷ್ಟಕ್ಕೈತಿ ನೋಡು."

"ನಾ ಹೋಗ್ತೀನಪ್ಪಾ."

"ನೀ ಹೋಗಿ ಏನ ಹೇಳಾಂವ? ಅಪ್ಪ ಕರದಾನ ಅಂತ ನೀ ಅಂದ್ರ ಅಕಿ ನಂಬತಾಳೇನು? ನಾನ ಹೋಗ್ತೀನಿ."

"ಬೀಗರ ಮನಿಗೆ ಮೊದಲ ಸಲ ಹೊಂಟೀರಿ," ಎಂದಳು ಅವ್ವ. "ಹಲ್ಲಿನ ಸೆಟ್ ಬರ್ಲಿ ತಡೀರಿ. ಬರೇ ಬಾಯಿಲೆ ಹೋಗ್ತೀರೇನು?"

"ಹಲ್ಲ ಬರೂದ್ರಾಗ ಪಂಚಮಿ ಹೋಗತೈತಿ."

ಬೆಳಿಗ್ಗೆ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಅವನನ್ನು ಕಿಟಕಿಯ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಉಂಡಿಯ ಡಬ್ಬಿ. ಬಾಯಿಗೆ ಟವೆಲ್ಲು ಇರಲಿಲ್ಲ. ಅಕ್ಕನಿಗೆ ಮೊದಲೇ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ.

"ಕುಠಂ ಆಜೋಬಾ?" ಎಂದ ಕಂಡಕ್ಟರ್. ಎಲ್ಲಿಗೆ ಅಜ್ಜಾ? ಅಜ್ಜಾ ಎಂದು ಅಪ್ಪನನ್ನು ಯಾರಾದರೂ ಕರೆದದ್ದು ಅದೇ ಮೊದಲು.

ಅಪ್ಪ ನಾಶಿಕ ಎಂದ. ಊರಿನ ಹೆಸರು ಗಾಳಿಯಾಗಿ ಹೊರಗೆ ಹೋಯಿತು. ಕಂಡಕ್ಟರಿಗೆ ತಿಳಿಯಲಿಲ್ಲ, ಕಿಟಕಿಯಾಚೆ ನಿಂತ ನನ್ನ ಮುಖ ನೋಡಿದ. ನಾನು ಬಾಯಿ ತೆರೆದೆ. ಅಪ್ಪ ಒಳಗಿನಿಂದಲೇ ಕೈಯೆತ್ತಿ ನನ್ನನ್ನು ನಿಲ್ಲಿಸಿದ.

"ನಾ-ಶಿ-ಕ," ಎಂದು ಒಂದೊಂದೇ ಅಕ್ಷರವನ್ನು ಒಸಡಿನಿಂದ ತಳ್ಳಿದ. ಅಷ್ಟಕ್ಕೆ ನಿಲ್ಲದೆ ಬಸ್ಸಿಗೆಲ್ಲ ಕೇಳುವಂತೆ, "ಲೇಕೀಕಡ ಚಾಲ್ಲೋಯ. ಪಂಚಮೀಲಾ ಆಣಾಯಲಾ," ಎಂದ. ಮಗಳ ಮನೆಗೆ ಹೊರಟಿದ್ದೇನೆ, ಪಂಚಮಿಗೆ ಕರೆತರಲು. ಪಂಚಮಿಗೆ ಇನ್ನೂ ತಿಂಗಳ ಮೇಲಿತ್ತು. ಮುಂದಿನ ಸೀಟಿನ ಹೆಂಗಸರು ಹಿಂದಿರುಗಿ ನೋಡಿದರು. ಕಂಡಕ್ಟರ್ ಏನೂ ಅನ್ನದೆ ಟಿಕೀಟು ಹರಿದುಕೊಟ್ಟ.

ಬಸ್ಸು ಹೋಯಿತು. ನಾನು ಮನೆಗೆ ಬಂದು ಟೆರೇಸು ಹತ್ತಿ ಇದನ್ನು ಬರೆಯುತ್ತ ಕುಳಿತಿದ್ದೇನೆ. ಫೋನು ಪಕ್ಕದಲ್ಲಿದೆ, ಹಚ್ಚುವಂತಿಲ್ಲ. ಅಕ್ಕ ಬಾಗಿಲು ತೆರೆಯುತ್ತಾಳೆ, ಅವಳ ಅತ್ತೆ ಚಹಾಕ್ಕಿಡುತ್ತಾಳೆ, ಅಪ್ಪ ಪಡಸಾಲೆಯಲ್ಲಿ ಕುಳಿತು ಆ ಮಾತನ್ನು ಮತ್ತೊಮ್ಮೆ ಹೇಳಬೇಕು. ಅದು ಹೇಗೆ ಕೇಳಿಸುತ್ತದೋ, ಎಷ್ಟು ಯತ್ನಿಸಿದರೂ ನನ್ನ ಬಾಯಿಗೆ ಬರುತ್ತಿಲ್ಲ.

ಅವ್ವ ಕೆಳಗಿನಿಂದ ಮತ್ತೆ ಕೂಗಿದಳು. "ಮುಟ್ಟಿರಬೇಕೇನೋ?"

"ಇನ್ನೂ ಇಲ್ಲ ಬೇ," ಎಂದೆ.